ನಡುವೆ ಬಾಯಿ ಹಾಕಲು ಕಲಿತ ನನ್ನ ಸೊಸೆ

ಮೂವತ್ತಾರು ತುಂಬಿದ ಮೇಲೆ ನನ್ನ ಸೊಸೆ ಮತ್ತೆ ಬ್ಯಾಗು ಹೆಗಲಿಗೇರಿಸಿ ಕಾಲೇಜಿಗೆ ಹೊರಟಳು. ಅದಕ್ಕೆ ಮೊದಲು ಅವಳು ಒಂದು ಕಾರ್ಖಾನೆಯಲ್ಲಿ, ಹೊರದೇಶಕ್ಕೆ ಮಾಲು ಕಳಿಸುವ ವಿಭಾಗದಲ್ಲಿದ್ದಳು. ಪೆಟ್ಟಿಗೆ ಕಟ್ಟಿಸುವುದು, ತೂಗಿಸುವುದು, ಲಾರಿಗೆ ಏರಿಸುವುದು ಅವಳ ಕೆಲಸ. ಅವಳ ಕೈಕೆಳಗೆ ಕಲಿತವರು ಮ್ಯಾನೇಜರುಗಳಾದರು, ಇವಳು ಇದ್ದಲ್ಲೇ ಇದ್ದಳು. ಕೊನೆಗೆ ನನ್ನ ಮಗ, “ಪೆಟ್ಟಿಗೆ ಏರಿಸಿದ್ದು ಸಾಕು ಮಾರಾಯ್ತಿ, ನೀನೂ ಸ್ವಲ್ಪ ಮೇಲೇರು” ಎಂದು ಅವಳನ್ನು ಅಂತರರಾಷ್ಟ್ರೀಯ ವ್ಯಾಪಾರ ಕಲಿಸುವ ಶಾಲೆಗೆ ಸೇರಿಸಿದ. ಎರಡು ವರ್ಷದ ಓದು. ನನಗೆ ಬರುವುದು ಅಕ್ಷರ ಕೂಡಿಸಿ ಓದುವಷ್ಟು ಮಾತ್ರ. ಅವಳ ಪುಸ್ತಕಗಳ ಒಳಗೇನಿತ್ತೋ ತಿಳಿಯದು. ಅವಳು ಬಂದು ಹೇಳಿದ್ದನ್ನು, ನಾನು ಕಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಆ ಶಾಲೆಯಲ್ಲಿ ಬೆಂಚುಗಳು ಮೆಟ್ಟಿಲಿನ ಹಾಗೆ ಅರ್ಧ ಸುತ್ತು ಇವೆಯಂತೆ. ದೇಶದೇಶದವರು ಕೂರುತ್ತಾರೆ. ಮೇಡಂ ಬಂದು ಪಾಠ ಹೇಳುವುದಿಲ್ಲ. ಯಾವುದೋ ಕಂಪನಿಗೆ ಬಂದ ಕಷ್ಟವನ್ನು ಮುಂದಿಟ್ಟು, “ನೀವಾಗಿದ್ದರೆ ಏನು ಮಾಡ್ತಿದ್ರಿ?” ಎಂದು ಕೇಳಿ ಗೋಡೆಗೊರಗಿ ನಿಲ್ಲುತ್ತಾರೆ. ಆಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಬೇಕು. ಮಾತಾಡಿದವರಿಗೆ ಅಂಕ.

ನನ್ನ ಸೊಸೆಗೆ ಒಗ್ಗದ್ದು ಅದೊಂದೇ. ಎದುರಿನವರ ಮಾತು ಮುಗಿಯದೆ ಅವಳು ತುಟಿ ಬಿಚ್ಚುವವಳಲ್ಲ. ಒಮ್ಮೆ ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಏನೋ ಹೇಳುತ್ತಿದ್ದೆ. ಪೂರ್ತಿ ಕೇಳಿಸಿಕೊಂಡು, ಆಮೇಲೆ ಮೆಲ್ಲಗೆ, “ಅತ್ತೆ, ನಿಮ್ಮ ಹಿಂದೆ ಹಾಲು ಉಕ್ಕಿ ಹೋಯ್ತು” ಎಂದಳು. ಅಂಥವಳಿಗೆ ಆ ಗದ್ದಲದಲ್ಲಿ ಸರದಿ ಬರುವುದೆಂದು?

ಅವಳ ಪಕ್ಕದಲ್ಲಿ ಬೇರೆ ದೇಶದ ಹುಡುಗನೊಬ್ಬ ಕೂರುತ್ತಿದ್ದ. ಎತ್ತರದ ಆಳು, ಗುಡುಗಿನಂಥ ಧ್ವನಿ. ಮನೆಯಲ್ಲಿ ನಾವು ಅವನಿಗೆ ‘ಗಂಟಲು’ ಎಂದೇ ಹೆಸರಿಟ್ಟಿದ್ದೆವು. ತನಗೆ ಹೊಳೆದದ್ದನ್ನು ಇವಳು ಅವನ ಕಿವಿಯಲ್ಲಿ ಹೇಳುವಳು. ಅವನು ಅದನ್ನೇ ಎದ್ದುನಿಂತು ಹೇಳುವನು. ಅಂಕ ಅವನಿಗೆ. ಕೆಟ್ಟವನೇನಲ್ಲ. ಹೊರಗೆ ಬಂದ ಮೇಲೆ ಇವಳಿಗೆ ಕಾಫಿ ಕೊಡಿಸುತ್ತಿದ್ದ.

ಮೊದಲ ವರ್ಷ ಮುಗಿಯುತ್ತ ಬಂದಾಗ ಮೇಡಂ ಇವಳನ್ನು ಕರೆದರು. “ನೀನು ಬರೆದದ್ದೆಲ್ಲ ಚೆನ್ನಾಗಿದೆ. ಆದ್ರೆ ಕ್ಲಾಸಲ್ಲಿ ನಿನ್ನ ಧ್ವನಿ ಹೇಗಿದೆ ಅಂತಾನೇ ನಂಗೆ ಗೊತ್ತಿಲ್ಲ. ಇನ್ನುಳಿದ ಕ್ಲಾಸುಗಳಲ್ಲೂ ಬಾಯಿ ಬಿಡದಿದ್ರೆ ಎರಡನೇ ವರ್ಷಕ್ಕೆ ಕಳಿಸೋಕಾಗಲ್ಲಮ್ಮ” ಎಂದರಂತೆ. ಅವತ್ತು ಅವಳು ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತುಬಿಟ್ಟಳು. ಕಾರ್ಖಾನೆಯ ಕೆಲಸ ಬಿಟ್ಟಾಗಿತ್ತು. ಹಿಂದಕ್ಕೆ ಹೋಗಲು ದಾರಿಯಿರಲಿಲ್ಲ.

ಉಪಾಯ ಹೇಳಿದವನು ನನ್ನ ಮಗ. “ಅಮ್ಮ ಮಾತಾಡುವಾಗ ನಡುವೆ ಬಾಯಿ ಹಾಕಿ ಅಭ್ಯಾಸ ಮಾಡು. ಅಮ್ಮನ್ನ ನಿಲ್ಲಿಸಿದೋಳು ಯಾರನ್ನ ಬೇಕಾದ್ರೂ ನಿಲ್ಲಿಸ್ತಾಳೆ.”

“ಛೇ, ಅತ್ತೆಗೆ ಎದುರು ಮಾತಾಡ್ಲಾ?”

“ಎದುರಲ್ಲ ಕಣೇ, ಅಡ್ಡ. ನಾನೇ ಒಪ್ಪಿಗೆ ಕೊಟ್ಟಿದೀನಿ, ಹಾಕು ಬಾಯಿ” ಎಂದೆ ನಾನು.

ಹೀಗೆ ದಿನಾ ಸಂಜೆ ತರಕಾರಿ ಹೆಚ್ಚುತ್ತ ನಾನು ಕತೆ ಹೇಳುವುದು, ಅವಳು ಅಡ್ಡ ಬರುವುದು ಶುರುವಾಯಿತು. ಕತೆ ನಮ್ಮ ಬೀರುವಿನದು. ಮದುವೆಯಾದ ಹೊಸದರಲ್ಲಿ ನಮ್ಮವರು ಹಳೆಯ ಮರದ ಬೀರು ತಂದಿದ್ದರು. ಅಳತೆ ನೋಡದೆ ತಂದದ್ದು ಬಾಗಿಲಲ್ಲಿ ಸಿಕ್ಕಿಕೊಂಡಿತು. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಒಳಗೆ ಉಳಿದವಳು ನಾನು. ಈ ಕತೆಯನ್ನು ನಮ್ಮವರು ಇರುವ ತನಕ ನೆಂಟರಿಗೆಲ್ಲ ಹೇಳಿ ನಗಿಸುತ್ತಿದ್ದರು.

ಸೊಸೆಯ ಅಡ್ಡಮಾತು ಮೊದಮೊದಲು ಕೇಳುವಂತಿರಲಿಲ್ಲ. “ಅತ್ತೆ, ತಪ್ಪು ತಿಳ್ಕೋಬೇಡಿ, ಒಂದು ಮಾತು...” ಎನ್ನುವಳು; “ಹೇಳು” ಎಂದರೆ, “ಏನಿಲ್ಲ, ನೀವು ಮುಗಿಸಿ” ಎನ್ನುವಳು. ಮಗ ತಲೆ ಚಚ್ಚಿಕೊಂಡು ಎದ್ದು ಹೋಗುವನು.

ಒಂದು ಸಂಜೆ ನಾನು, “ಆಗ ಬಡಗಿ, ಬೀರುವಿನ ಗೊಡವೆ ಬಿಡಿ, ಬಾಗಿಲು ಬಿಚ್ಚಿ ಅಂದ...” ಎನ್ನುತ್ತಿದ್ದೆ. ಅವಳ ಚಾಕು ಗಕ್ಕನೆ ನಿಂತಿತು.

“ತಾಳಿ ಅತ್ತೆ! ಮೊನ್ನೆ ಆ ಉಪಾಯ ಮಾವಂದು ಅಂದಿದ್ರಿ. ಇವತ್ತು ಬಡಗೀದು ಅಂತೀರಿ. ಯಾರ್ದು ಸರಿಯಾಗಿ ಹೇಳಿ?”

ಇದು ಅಭ್ಯಾಸದ ಮಾತಲ್ಲ, ನಿಜವಾದ ಪ್ರಶ್ನೆ. ಮಾತಿನಲ್ಲಿ ಯಾರ ಕೈಗೂ ಸಿಗದ ನಾನು ಸಿಕ್ಕಿಬಿದ್ದೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

“ನಂದು” ಎಂದೆ.

“ನಿಮ್ದಾ?”

“ಹೂಂ. ಒಳಗಿಂದ ನೋಡಿದ್ರೆ ಕೀಲಿನ ತಿರುಪು ಕಾಣ್ತಿತ್ತು. ಸಂದಿಯಲ್ಲಿ ನಿಮ್ಮ ಮಾವಂಗೆ ಮೆಲ್ಲಗೆ ಹೇಳಿದೆ. ಅವ್ರು ಬಡಗಿಗೆ ಕೂಗಿ ಹೇಳಿದ್ರು. ಬಡಗಿ ಬೀದಿಗೆಲ್ಲ ಹೇಳ್ದ.”

ಅವಳು ಚಾಕು ಕೆಳಗಿಟ್ಟಳು. “ಅತ್ತೆ, ನಿಮ್ಗೂ ಒಬ್ಬ ಗಂಟಲು ಇದ್ದ ಹಾಗಾಯ್ತು” ಎಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು.

ಅದೇ ವಾರ ಕೊನೆಯ ಕ್ಲಾಸು. ಒಂದು ಸೋಪಿನ ಕಂಪನಿ, ಹೊರದೇಶದ ಅಂಗಡಿಗಳಿಂದ ಅದರ ಮಾಲು ವಾಪಸ್ಸು ಬರುತ್ತಿದೆ, ಏನು ಮಾಡಬೇಕು ಎಂಬುದು ಅಂದಿನ ಪ್ರಶ್ನೆ. ಒಬ್ಬರು ಜಾಹೀರಾತು ಸಾಲದು ಎಂದರು, ಇನ್ನೊಬ್ಬರು ವಾಸನೆ ಹಿಡಿಸಿಲ್ಲ ಎಂದರು. ಇವಳು ಅಭ್ಯಾಸಬಲದಿಂದ ಗಂಟಲಿನ ಕಿವಿಯಲ್ಲಿ, “ಸೋಪು ಚೆನ್ನಾಗಿದೆ, ಪೆಟ್ಟಿಗೆ ಸರಿಯಿಲ್ಲ” ಎಂದುಬಿಟ್ಟಳು. ಅವನು ಎದ್ದೇ ಎದ್ದ. “ನನಗನ್ನಿಸುತ್ತೆ, ಸೋಪು...”

“ತಾಳು! ಅದು ನನ್ನ ಮಾತು. ನಾನೇ ಹೇಳ್ತೀನಿ.”

ತನ್ನ ಧ್ವನಿ ಅಷ್ಟು ದೊಡ್ಡದಿದೆಯೆಂದು ತನಗೇ ಗೊತ್ತಿರಲಿಲ್ಲ ಎಂದಳು ಆಮೇಲೆ. ಗಂಟಲು ಬಾಯಿ ತೆರೆದುಕೊಂಡೇ ಕೂತನಂತೆ. ಹಡಗಿನ ಸೆಕೆಗೆ ರಟ್ಟು ಮೆತ್ತಗಾಗಿ ಕೆಳಸಾಲಿನ ಪೆಟ್ಟಿಗೆ ಹೇಗೆ ಕುಸಿಯುತ್ತದೆ, ಜಜ್ಜಿದ ಸೋಪನ್ನು ಅಂಗಡಿಯವನು ಯಾಕೆ ಮುಟ್ಟುವುದಿಲ್ಲ ಎಂದು ಇವಳು ಬಿಡಿಸಿ ಹೇಳಿದಳು. ನಡುವೆ ಇಬ್ಬರು ಬಾಯಿ ಹಾಕಿದರು; ಇವಳು ಬಿಟ್ಟುಕೊಡಲಿಲ್ಲ. ಮೇಡಂ ಗೋಡೆ ಬಿಟ್ಟು ಮುಂದೆ ಬಂದು ನಿಂತು ಕೇಳಿದರು. “ಅಂತೂ ನಿನ್ನ ಧ್ವನಿ ಕೇಳಿದೆ” ಎಂದು ಹೇಳಿ ಅಂಕ ಬರೆದುಕೊಂಡರು. ಸೊಸೆ ಎರಡನೇ ವರ್ಷಕ್ಕೆ ಹೋದಳು.

ರಜೆಯಲ್ಲಿ ಗಂಟಲು ನಮ್ಮ ಮನೆಗೆ ಊಟಕ್ಕೆ ಬಂದ. ನಮ್ಮ ಭಾಷೆ ಅವನಿಗೆ ಬಾರದು. ಸೊಸೆ ತಿರುಗಿಸಿ ಹೇಳುತ್ತಿದ್ದಳು. ಬಾಗಿಲ ಚೌಕಟ್ಟಿನಲ್ಲಿ ಬೀರು ತರಚಿದ ಗುರುತು ಇನ್ನೂ ಇದೆ. ಅದನ್ನು ಬೆರಳಿಂದ ಸವರಿ ಇದೇನು ಎಂದು ಕೇಳಿದ. ನನ್ನ ಮಗ ಹುರುಪಿನಿಂದ, “ಅದಾ? ನಮ್ಮಪ್ಪ ಒಂದ್ಸಲ...” ಎಂದು ಶುರು ಮಾಡಿದ.

ಸೊಸೆ ನನ್ನ ಕಡೆ ನೋಡಿದಳು.

“ತಾಳೋ” ಎಂದೆ ನಾನು. “ಅದು ನನ್ನ ಮಾತು.”