ಮೊಮ್ಮಗಳು ನೀರು ದಾಟಿದ ಬೆಳಿಗ್ಗೆ

ನೀರಿನ ಅಡಿಯಿಂದ ಹೋಗುವವರು ನಾಣ್ಯವನ್ನು ಎಲ್ಲಿಗೆ ಎಸೆಯಬೇಕು? ಮೇಲಕ್ಕೆ?

ಕಳೆದ ವಾರ ಅಳಿಯನಿಗೆ ನಾನು ಕೇಳಿದ ಪ್ರಶ್ನೆ ಇದು. ಅವರು ಎಸಿ ಜೋರು ಮಾಡಿದರು. (ಇಂಜಿನಿಯರ್ ಬೇರೆ.)

ದುಬೈನ ದೇರಾದಲ್ಲಿರುವ ನಮ್ಮ ಮನೆಯಲ್ಲಿ ಮಗಳ ಬಾಣಂತನ ಮುಗಿದಿತ್ತು. ಮೂರು ತಿಂಗಳ ಮೊಮ್ಮಗಳು ಮೊದಲ ಸಲ ಅಪ್ಪನ ಮನೆಗೆ ಹೊರಟಿದ್ದಳು. ಅದು ಊರ ನಡುವಿನ ಉಪ್ಪುನೀರಿನ ಕ್ರೀಕಿನ ಆಚೆ, ಬರ್ ದುಬೈನಲ್ಲಿ. ಬಿಸಿಲೇರುವ ಮೊದಲು ಹೊಸ್ತಿಲು ದಾಟಿಸಬೇಕೆಂದು ಬೀಗಿತ್ತಿ ಆರತಿ ತಟ್ಟೆ ಇಟ್ಟುಕೊಂಡು ಕಾದಿದ್ದರು. ನಮ್ಮ ಗಂಗೊಳ್ಳಿ ಕಡೆ ಮಗು ಮೊದಲ ಸಲ ಹೊಳೆ ದಾಟುವಾಗ ನೀರಿಗೊಂದು ನಾಣ್ಯ ಹಾಕುತ್ತೇವೆ. ಹಾಕದೆ ದಾಟಿಸಿದರೆ ನನಗೆ ನಿದ್ದೆ ಬರುತ್ತದೆಯೇ?

"ಸೇತುವೆ ಮೇಲೆ ಒಂದ್ ನಿಮಿಷ ನಿಲ್ಸಿ" ಎಂದೆ, ಕಾರು ಓಡಿಸುತ್ತಿದ್ದ ಅಳಿಯನಿಗೆ.

"ಫೈನ್ ಬೀಳತ್ತ್ ಅತ್ತೆ."

"ಹಾಂಗಾರೆ ಗ್ಲಾಸ್ ಇಳ್ಸಿ, ಎಸಿತೆ."

"ಅದ್ಕೂ ಫೈನೇ."

ಹೋಗಿ ನೋಡಿದರೆ ಸೇತುವೆಯೇ ಇಲ್ಲ! ಅದು ತೇಲುವ ಸೇತುವೆ; ಊರು ಮಲಗಿದಾಗ ಹಡಗುಗಳಿಗೆ ಬಾಗಿಲು ತೆಗೆಯುತ್ತದೆ, ಬೆಳಕು ಹರಿದ ಮೇಲೆ ಮುಚ್ಚಿಕೊಂಡು ಕಾರುಗಳನ್ನು ಬಿಡುತ್ತದೆ. ನಾವು ಬೇಗ ಹೋಗಿದ್ದೆವು. ನಡುವೆ ಬರೀ ನೀರು, ಅದರಲ್ಲಿ ರಾಣಿಯ ಹಾಗೆ ತೇಲುತ್ತಾ ಹೋಗುತ್ತಿದ್ದ ಒಂದು ಹಡಗು.

"ಟನಲ್ಲಂಗೆ ಹೋಪ" ಎಂದರು ಅಳಿಯ. ಟನಲ್ ಇರುವುದು ಕ್ರೀಕಿನ ಅಡಿಯಲ್ಲಿ. ಆಗಲೇ ನಾನು ಆ ಪ್ರಶ್ನೆ ಕೇಳಿದ್ದು.

ಹಿಂದೆ ಕೂತ ಮಗಳಿಗೆ ನಗು ತಡೆಯಲಾಗಲಿಲ್ಲ. "ಅಮ್ಮ ಬಿಡುದಿಲ್ಲ ಕಾಣಿ. ನಮ್ಮನ್ನ ಅಬ್ರಾ ಹತ್ರ ಇಳ್ಸಿ, ನೀವ್ ಟನಲ್ಲಂಗೆ ಬನ್ನಿ."

ಅಬ್ರಾ ಎಂದರೆ ಕ್ರೀಕ್ ದಾಟಿಸುವ ದೋಣಿ. ಒಬ್ಬರಿಗೆ ಒಂದು ದಿರ್ಹಮ್. ನಾನು ದೋಣಿಯವನ ಕೈಗೆ ಮೂರು ನಾಣ್ಯ ಇಟ್ಟೆ. ಬಿಳಿ ಗಡ್ಡದ ಮುದುಕ. ಒಂದು ಜಾಸ್ತಿಯಾಯಿತು, ಮಗುವಿಗೆ ಚಾರ್ಜ್ ಇಲ್ಲ ಎಂದು ಹಿಂದಿಯಲ್ಲಿ ಹೇಳಿದ.

"ಯೇ ಪಾನಿ ಕಾ" ಎಂದೆ. (ಇದು ನೀರಿಗೆ ಅಂತ. ನನ್ನ ಹಿಂದಿ ಅಷ್ಟೇ.)

ನೀರಿಗೆ ಏನೂ ಎಸೆಯುವಂತಿಲ್ಲ ಅಮ್ಮಾ ಎಂದು ತಲೆ ಅಲ್ಲಾಡಿಸಿದ. ನನ್ನ ಮುಖ ಬಾಡಿತೇನೋ. ಮಗುವನ್ನು ನೋಡಿದ, ನನ್ನನ್ನು ನೋಡಿದ. ಕ್ರೀಕಿನ ನಟ್ಟನಡುವೆ ಬಂದಾಗ ದೋಣಿ ನಿಧಾನ ಮಾಡಿ ಬಗ್ಗಿದ, ನಾಣ್ಯವನ್ನು ನೀರಲ್ಲಿ ಅದ್ದಿ ತೆಗೆದ. ಹನಿ ತೊಟ್ಟಿಕ್ಕುತ್ತಿದ್ದಂತೆಯೇ ಮೊಮ್ಮಗಳ ಅಂಗೈಯಲ್ಲಿಟ್ಟ.

"ಪಾನಿ ನೇ ಲೇ ಲಿಯಾ. ಅಬ್ ವಾಪಸ್ ದಿಯಾ." ನೀರು ತಗೊಂಡಿತಂತೆ, ಈಗ ವಾಪಸ್ ಕೊಟ್ಟಿತಂತೆ.

ಕೂಸು ಮುಷ್ಟಿ ಬಿಗಿಹಿಡಿದು, ಬೋಳು ಬಾಯಿ ತೆರೆದು ನಕ್ಕಿತು. ನಾನೂ ನಕ್ಕೆ, ಕಣ್ಣೊರೆಸಿಕೊಂಡೆ, ಮತ್ತೆ ನಕ್ಕೆ. (ನಾಣ್ಯ ಬಾಯಿಗೆ ಹೋಗುವ ಮೊದಲು ಬಿಡಿಸಿ ಸೆರಗಿಗೆ ಗಂಟು ಹಾಕಿದೆ.)

ಆಚೆ ದಡದಲ್ಲಿ ಅಳಿಯ ಇರಲಿಲ್ಲ. ಟನಲ್‌ನಲ್ಲಿ ಟ್ರಾಫಿಕ್ಕಂತೆ. ಕೊನೆಗೂ ಬಂದರು. "ಫೈನ್ ಬಿತ್ತಾ ಅತ್ತೆ?"

"ಇಲ್ಲ, ವಾಪಸ್ ಸಿಕ್ತ್" ಎಂದೆ.

ಇನ್ನು ಮುಂದೆ ಸೇತುವೆ ಬಂದ್ ಎಂದು ಯಾರಾದರೂ ಗೊಣಗಿದರೆ, ಮನೆಯಲ್ಲಿ ಎಳೆಮಗು ಇದೆಯೇ ಎಂದು ಮೊದಲು ಕೇಳುತ್ತೇನೆ. ಇದ್ದರೆ ಅಬ್ರಾದ ದಾರಿ ತೋರಿಸುತ್ತೇನೆ.