ಒಡೆದ ಅಚ್ಚಿನ ಜೋಡಿ ಗೆರೆ

ವಿವರಿಸಲಾಗದ ಸಂಗತಿಗಳನ್ನು ಹೇಳಿಕೊಳ್ಳುವವರ ಬಗ್ಗೆ ನನಗೆ ಮೊದಲಿನಿಂದಲೂ ಗೌರವವಿರಲಿಲ್ಲ. ಗುಬ್ಬಿಯ ನಮ್ಮ ಮನೆಯಲ್ಲಿ ಅತ್ತಿಗೆ ಅಂಥ ಮಾತು ತೆಗೆದರೆ ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಅಳತೆ ತಪ್ಪಿರಬೇಕು, ಇಲ್ಲವೇ ನೋಡಿದವರು ಸುಳ್ಳು ಹೇಳುತ್ತಿರಬೇಕು. ಮೂರನೆಯ ಸಾಧ್ಯತೆ ಇಲ್ಲವೆಂದೇ ತಿಳಿದಿದ್ದೆ. ಈಗ ನಾನು ಬರೆಯಹೊರಟಿರುವುದು ಆ ಮೂರನೆಯದರ ಬಗ್ಗೆ. ಇದು ನಡೆದದ್ದು ರಾತ್ರಿಯ ಕತ್ತಲಲ್ಲೂ ಅಲ್ಲ. ಮಧ್ಯಾಹ್ನದ ಊಟವಾದ ಮೇಲೆ, ಟ್ಯೂಬ್‌ಲೈಟುಗಳ ಬೆಳಕಿನಲ್ಲಿ, ಹತ್ತಾರು ಜನರ ಎದುರಿಗೆ ನಡೆಯಿತು. ನನ್ನ ಅಳತೆ ತಪ್ಪಿಲ್ಲ. ಸುಳ್ಳು ಹೇಳುವ ಅಗತ್ಯವೂ ನನಗಿಲ್ಲ.

ಕಂಪನಿಯ ಹೆಸರು ಇಲ್ಲಿ ಬೇಡ. ತುಮಕೂರು ದಾಟಿ ಕೋರದ ಕಡೆಗೆ ಹೋಗುವ ಹೆದ್ದಾರಿಯಿಂದ ತುಸು ಒಳಗೆ ಅದರ ಶೆಡ್ಡುಗಳಿವೆ. ನಾನು ಗುಬ್ಬಿಯಿಂದ ರೈಲಿನಲ್ಲಿ ತುಮಕೂರಿಗೆ ಬಂದು, ಅಲ್ಲಿಂದ ಕಂಪನಿಯ ಬಸ್ಸು ಹಿಡಿಯುತ್ತಿದ್ದೆ. ಡೇಟಾ ಸೆಂಟರುಗಳ ಯಂತ್ರಗಳಿಗೆ ಬೇಕಾದ ಕನೆಕ್ಟರುಗಳು ಅಲ್ಲಿ ತಯಾರಾಗುತ್ತಿದ್ದವು. ನಿಮ್ಮ ಫೋನಿನಲ್ಲಿ ಕಾಣುವ ಚಿತ್ರ ದಾರಿಯಲ್ಲಿ ಎಲ್ಲೋ ಒಂದು ಕಡೆ ಇಂಥದೊಂದು ಪ್ಲಗ್ಗಿನಿಂದ ಇಂಥದೊಂದು ಸಾಕೆಟ್ಟಿಗೆ ದಾಟಿಕೊಂಡೇ ಬಂದಿರುತ್ತದೆ. ಪ್ಲಗ್ಗಿನ ತುದಿಯಲ್ಲಿ ಚಿನ್ನದ ಲೇಪವಿರುವ ಪುಟ್ಟ ಪಟ್ಟಿಗಳಿರುತ್ತವೆ. ಸಾಕೆಟ್ಟಿನೊಳಗೆ ಪ್ರತಿ ಪಟ್ಟಿಗೂ ಒಂದು ಸ್ಪ್ರಿಂಗು. ಪ್ಲಗ್ಗನ್ನು ಒಳಕ್ಕೆ ತಳ್ಳಿದಾಗ ಸ್ಪ್ರಿಂಗು ಪಟ್ಟಿಯ ಮೇಲೆ ಉಜ್ಜಿಕೊಂಡು ಹೋಗಿ ನಿಲ್ಲುತ್ತದೆ. ನೋಡಲು ಇಷ್ಟೇ. ಆದರೆ ದಾಟುವ ವಿದ್ಯುತ್ ಸಂಕೇತದ ವೇಗ ಏರಿದಂತೆ ಕಷ್ಟ ಆರಂಭವಾಗುತ್ತದೆ. ಸ್ಪ್ರಿಂಗು ಮುಟ್ಟಿದ ಜಾಗದಿಂದಾಚೆಗೆ ಅದರ ತುದಿ ಬಾಲದಂತೆ ಉಳಿದಿದ್ದರೆ, ಸಂಕೇತ ಆ ಬಾಲದೊಳಕ್ಕೂ ನುಗ್ಗಿ, ಹಿಂತಿರುಗಿ ಬಂದು, ತನ್ನ ಹಿಂದೆಯೇ ಬರುತ್ತಿರುವ ಸಂಕೇತವನ್ನು ಕೆಡಿಸುತ್ತದೆ.

ಆ ಬಾಲವನ್ನು ಇಲ್ಲವೆನಿಸುವಷ್ಟು ಮೊಟಕುಗೊಳಿಸಿದ್ದು ನನ್ನ ಸ್ಪ್ರಿಂಗು. ಅದರ ತುದಿಯನ್ನು ಎರಡಾಗಿ ಸೀಳಿ, ಎರಡೂ ಪಕ್ಕಪಕ್ಕದಲ್ಲಿ ಪಟ್ಟಿಯನ್ನು ಮುಟ್ಟುವಂತೆ ಮಾಡಿದ್ದೆ. ಎರಡೂ ಒಟ್ಟಿಗೆ ಮುಟ್ಟಿದರೆ ತಳ್ಳುವ ಕೈಗೆ ಬಿಗಿಯಾಗುತ್ತದೆಂದು ಎಡದ ತುದಿಯನ್ನು ಕೂದಲೆಳೆಯಷ್ಟು ಉದ್ದ ಇಟ್ಟಿದ್ದೆ. ಚಿನ್ನದ ಮೇಲೆ ಒಮ್ಮೆ ಸ್ಪ್ರಿಂಗು ಓಡಿದರೆ ಸಣ್ಣ ಗೆರೆ ಬೀಳುತ್ತದೆ. ಅದು ಮತ್ತೆ ಅಳಿಯುವುದಿಲ್ಲ. ಬೇರೆಯವರ ಸ್ಪ್ರಿಂಗು ಒಂದು ಗೆರೆ ಎಳೆದರೆ ನನ್ನದು ಜೋಡಿ ಗೆರೆ ಎಳೆಯುತ್ತಿತ್ತು, ಎಡದ್ದು ಬಲದ್ದಕ್ಕಿಂತ ತುಸು ಮೊದಲೇ ಆರಂಭವಾಗಿರುತ್ತಿತ್ತು. ಮೈಕ್ರೋಸ್ಕೋಪಿನಲ್ಲಿ ಅದು ಕಂಡರೆ ನನ್ನ ಕೈಬರಹವೇ ಕಂಡಂತೆ ನನಗೆ.

ನಮ್ಮ ವಿಭಾಗಕ್ಕೆ ಹೊಸಬನಾಗಿ ಬಂದ ಶಶಿಧರ ಕುಣಿಗಲ್ ತಾಲ್ಲೂಕಿನ ಅಮೃತೂರಿನವನು. ಡ್ರಾಯಿಂಗಿನಲ್ಲಿ ಯಾವ ಅಳತೆಯನ್ನು ಮೊದಲು ಓದಬೇಕೆಂಬುದನ್ನು ಅವನಿಗೆ ಕಲಿಸಿದವಳು ನಾನು. ಅವನ ಮೊದಲ ವರ್ಷದಲ್ಲಿ ನನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ಅವನದಾಗಿತ್ತು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿದಿರುವುದು ಬೇರೆ. ಪ್ರತಿ ಡ್ರಾಯಿಂಗಿನ ಕೆಳಮೂಲೆಯಲ್ಲಿ ವಿನ್ಯಾಸ ಮಾಡಿದವರ ಹೆಸರಿಗೊಂದು ಚೌಕವಿರುತ್ತದೆ. ನನ್ನ ಸಾಕೆಟ್ಟಿನ ಡ್ರಾಯಿಂಗನ್ನು ಹೊಸ ಕಂಪ್ಯೂಟರಿಗೆ ಏರಿಸುವಾಗ ಆ ಚೌಕದಲ್ಲಿ ನನ್ನ ಹೆಸರು ಹೋಗಿ ಅವನದು ಬಂತು. ಕೇಳಿದರೆ ಸಾಫ್ಟ್‌ವೇರು ತಾನೇ ಹಾಕಿಕೊಂಡಿದೆ ಎಂದ. ಹೊರಗಿನವರು ಬಂದಾಗ ನನ್ನನ್ನು ತೋರಿಸಿ, ನಮ್ಮ ಹಿರಿಯ ಮೇಡಂ, ಪೇಪರ್ ಕೆಲಸ ನೋಡಿಕೊಳ್ಳುತ್ತಾರೆ ಎಂದು ಪರಿಚಯಿಸಿದ. ಕ್ಯಾಂಟೀನಿನಲ್ಲಿ ಒಮ್ಮೆ ಎಲ್ಲರಿಗೂ ಕೇಳುವಂತೆ, "ಮೇಡಂ ಸ್ಪ್ರಿಂಗಿಗೆ ವಯಸ್ಸಾಯ್ತು ಕಣ್ರೋ, ನಿಲ್ಲೋಕೆ ಎರಡು ಕಾಲು ಬೇಕು. ನಂದು ಒಂಟಿ ಕಾಲಲ್ಲೇ ನಿಲ್ತದೆ," ಎಂದ. ನಗದೆ ಉಳಿದವರು ಯಾರೆಂಬುದೂ ನನಗೆ ನೆನಪಿದೆ. ಟೆಸ್ಟಿಂಗ್ ವಿಭಾಗದ ನಸ್ರೀನ್ ಒಬ್ಬಳೇ.

ನನ್ನ ಸಾಕೆಟ್ಟಿನ ಬದಲಿಗೆ ಅವನು ಹೊಸದೊಂದನ್ನು ಮಾಡಿದ್ದ. ಅದರ ಒಂಟಿ ತುದಿಯ ಸ್ಪ್ರಿಂಗು ಅಗ್ಗವಾಗಿತ್ತು, ಮಾಡಲು ಸುಲಭವಾಗಿತ್ತು. ಬಾಲ ಮಾತ್ರ ಉದ್ದವಾಗಿತ್ತು. ಮೇಲಿನ ವೇಗದಲ್ಲಿ ಅದು ನಿಲ್ಲುವುದಿಲ್ಲವೆಂದು ನಾನು ಮೂರು ರೀತಿಯಲ್ಲಿ ಲೆಕ್ಕ ಹಾಕಿ ಮ್ಯಾನೇಜರರ ಮುಂದಿಟ್ಟೆ. ಅವರು ಕಾಗದ ತಿರುಗಿಸಿಯೂ ನೋಡಲಿಲ್ಲ. ನಿವೃತ್ತಿಯ ಹೊತ್ತಿನಲ್ಲಿ ನನಗೇಕೆ ಟೆನ್ಷನ್ ಎಂದು ಸಮಾಧಾನ ಹೇಳಿದರು. ಮುಂದಿನ ವಾರ ನನ್ನ ಸ್ಪ್ರಿಂಗನ್ನು ತಟ್ಟುವ ಉಕ್ಕಿನ ಅಚ್ಚನ್ನು, ನಾವು ಡೈ ಎನ್ನುವುದನ್ನು, ಗುಜರಿಗೆ ಹಾಕಲು ತೀರ್ಮಾನವಾಯಿತು. ಉಳಿದಿದ್ದ ಹಳೆಯ ಸಾಕೆಟ್ಟುಗಳನ್ನೂ ಅದರ ಜೊತೆಗೇ ಕತ್ತರಿಸಬೇಕೆಂದು ಆಜ್ಞೆ. ನಾಶವಾಯಿತೆಂದು ಸಾಕ್ಷಿ ಸಹಿ ಹಾಕಲು ಯಾರನ್ನು ಕರೆದರೆಂದು ಹೇಳಬೇಕಾಗಿಲ್ಲ. ಗ್ಯಾಸ್ ಕಟರಿನಿಂದ ಅಚ್ಚನ್ನು ತುಂಡು ಮಾಡುವಾಗ ಶಶಿಧರ ಕೈಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದ. ನಾನು ಸಹಿ ಹಾಕಿ ಪೆನ್ನು ಮುಚ್ಚಿದೆ.

"ನನ್ನ ಸ್ಪ್ರಿಂಗ್ ಇಲ್ದೆ ನಿನ್ ಹೊಸ ಸಾಕೆಟ್ಟು ಓಡಲ್ಲ ಕಣಪ್ಪ ಶಶಿಧರ. ಬರ್ದಿಟ್ಕೋ," ಎಂದೆ.

"ಆಯ್ತು ಬುಡಿ ಮೇಡಂ," ಎಂದು ಅವನು ನಕ್ಕ.

ಅದನ್ನು ಶಾಪವೆಂದು ನಾನು ಆಡಲಿಲ್ಲ. ಅದು ಲೆಕ್ಕದ ಮಾತು. ಆದರೆ ಆಡುವಾಗ ಮನಸ್ಸಿನಲ್ಲಿ ಲೆಕ್ಕವಷ್ಟೇ ಇರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಅವನು ಎಲ್ಲರೆದುರು ತಲೆ ತಗ್ಗಿಸಿ ನಿಲ್ಲುವುದನ್ನು ನಾನು ನೋಡಬೇಕಿತ್ತು.

ದೊಡ್ಡ ಗ್ರಾಹಕರ ಕಡೆಯವರು ಪರೀಕ್ಷೆ ನೋಡಲು ಬರುವ ದಿನ ಗೊತ್ತಾಯಿತು. ಹೊಸ ಸಾಕೆಟ್ಟು ಅಂದು ಪಾಸಾದರೆ ಶಶಿಧರ ವಿನ್ಯಾಸ ವಿಭಾಗದ ಮುಖ್ಯಸ್ಥ, ಆ ವಸ್ತುವಿನ ಮೇಲಿಂದ ನನ್ನ ಹೆಸರು ಎಂದೆಂದಿಗೂ ಅಳಿದಂತೆ. ಫೇಲಾದರೆ ನನ್ನ ಲೆಕ್ಕ ನಿಲ್ಲುತ್ತದೆ, ನಾನು ತಲೆ ಎತ್ತಿ ನಿವೃತ್ತಳಾಗುತ್ತೇನೆ. ಸಭಿಕರಿಗೆಲ್ಲ ಕುರ್ಚಿ ಹಾಕಿಸಿದ್ದರು, ನನಗೆ ಹಾಕಿಸಿರಲಿಲ್ಲ. ನನಗೆ ವಹಿಸಿದ್ದು ಪ್ಲಗ್ಗನ್ನು ಪರೀಕ್ಷೆಗೆ ಮೊದಲು ಮೈಕ್ರೋಸ್ಕೋಪಿನಲ್ಲಿ ನೋಡಿ, ಪಟ್ಟಿಗಳು ಶುಭ್ರವಾಗಿವೆ ಎಂದು ಹೇಳುವ ಕೆಲಸ. ಹೊಸದಾಗಿ ಸೇರಿದವರಿಗೆ ಕೊಡುವಂಥದ್ದು. ಅವಮಾನಿಸಲೆಂದೇ ಕೊಟ್ಟಿದ್ದರು. ಆ ಅವಮಾನವೇ ನನ್ನನ್ನು ಈ ಘಟನೆಗೆ ಸಾಕ್ಷಿಯಾಗಿಸಿತು. ಸೀಲು ಹಾಕಿದ ಕವರನ್ನು ಗ್ರಾಹಕರೆದುರಿಗೇ ಒಡೆದು, ಪ್ಲಗ್ಗಿನ ಪಟ್ಟಿಗಳನ್ನು ಒಂದೊಂದಾಗಿ ನೋಡಿದೆ. ಒಂದು ಗೆರೆಯೂ ಇರಲಿಲ್ಲ. ಕನ್ನಡಿಯಂಥ ಚಿನ್ನ. ನನ್ನ ಪಕ್ಕದಲ್ಲಿ ನಸ್ರೀನ್ ಅದನ್ನೇ ಪರದೆಯ ಮೇಲೆ ನೋಡುತ್ತಿದ್ದಳು.

ಪರೀಕ್ಷೆಯ ಯಂತ್ರದ ಬಗ್ಗೆ ಒಂದು ಮಾತು ಹೇಳಬೇಕು. ದಾಟಿ ಬಂದ ಸಂಕೇತದ ಅಲೆಗಳನ್ನು ಅದು ಒಂದರ ಮೇಲೊಂದು ಪೇರಿಸಿ ತೋರಿಸುತ್ತದೆ. ಎಲ್ಲ ಸರಿಯಿದ್ದರೆ ನಡುವೆ ಬಾದಾಮಿಯಾಕಾರದ ಖಾಲಿ ಜಾಗ ಉಳಿಯುತ್ತದೆ; ಅದನ್ನು ಕಣ್ಣು ಎನ್ನುತ್ತೇವೆ. ಕಣ್ಣು ತೆರೆದಿದ್ದರೆ ಪಾಸು, ಮುಚ್ಚಿಕೊಂಡರೆ ಫೇಲು. ನಸ್ರೀನ್ ಪ್ಲಗ್ಗನ್ನು ಶಶಿಧರನ ಸಾಕೆಟ್ಟಿಗೆ ತಳ್ಳಿದಳು. ಕಡಿಮೆ ವೇಗದಲ್ಲಿ ಕಣ್ಣು ತೆರೆಯಿತು, ಅದು ನಿರೀಕ್ಷಿತವೇ. ವೇಗ ಏರಿಸಿದರು. ಇನ್ನೂ ತೆರೆದಿತ್ತು. ಕೊನೆಯ ವೇಗಕ್ಕೆ ಏರಿಸುವ ಮುನ್ನ ನಾನು ಗೋಡೆಗೆ ಒರಗಿದ್ದವಳು ನೆಟ್ಟಗೆ ನಿಂತು, ಕನ್ನಡಕ ಒರೆಸಿ ಹಾಕಿಕೊಂಡೆ. ಇಷ್ಟು ದಿನ ಕಾದದ್ದನ್ನು ಮಸುಕು ಗಾಜಿನಲ್ಲಿ ನೋಡಲು ನನಗೆ ಇಷ್ಟವಿರಲಿಲ್ಲ.

ಕಣ್ಣು ಮುಚ್ಚಲಿಲ್ಲ. ಅಗಲವಾಗಿ, ನಿಶ್ಚಲವಾಗಿ ತೆರೆದುಕೊಂಡು ನಿಂತಿತು. ನನ್ನ ಸ್ಪ್ರಿಂಗು ತನ್ನ ಒಳ್ಳೆಯ ಕಾಲದಲ್ಲಿ ತೋರಿಸುತ್ತಿದ್ದ ಕಣ್ಣೂ ಅಷ್ಟೇ ಅಗಲವಿರುತ್ತಿತ್ತು. ಚಪ್ಪಾಳೆಯಾಯಿತು. ಮ್ಯಾನೇಜರರು ಶಶಿಧರನ ಬೆನ್ನು ತಟ್ಟಿದರು. ಲಡ್ಡುಗಳ ಪೆಟ್ಟಿಗೆ ಸಿದ್ಧವಾಗಿಯೇ ಇತ್ತು.

ನಸ್ರೀನ್ ಒಬ್ಬಳನ್ನು ಬಿಟ್ಟು ಎಲ್ಲರೂ ಸಿಹಿ ತಿನ್ನಲು ಹೊರಗೆ ಹೋದ ಮೇಲೆ ನಾನು ಪ್ಲಗ್ಗನ್ನು ಎಳೆದು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯಬೇಕಿತ್ತು. ಅವನ ಸ್ಪ್ರಿಂಗಿನ ಗೆರೆ ಎಲ್ಲಿ ನಿಂತಿದೆ ಎಂದು ನೋಡಿದರೆ ಬಾಲ ಎಷ್ಟು ಉಳಿದಿತ್ತೆಂದು ಗೊತ್ತಾಗುತ್ತದೆ. ಬಗ್ಗಿ ನೋಡಿದೆ. ಪ್ರತಿ ಪಟ್ಟಿಯ ಮೇಲೂ ಜೋಡಿ ಗೆರೆ ಇತ್ತು. ಎಡದ್ದು ತುಸು ಮೊದಲೇ ಆರಂಭವಾಗಿತ್ತು.

ನಾನು ಸರಿದು ನಸ್ರೀನಳಿಗೆ ಜಾಗ ಬಿಟ್ಟೆ. ಅವಳು ಬಹಳ ಹೊತ್ತು ನೋಡಿದಳು. "ಮೇಡಂ, ಇದು ನಿಮ್ದಲ್ವಾ?" ಎಂದು ಮೆಲ್ಲಗೆ ಕೇಳಿದಳು. ಅನಂತರ ಇಬ್ಬರೂ ಸಾಕೆಟ್ಟಿನೊಳಕ್ಕೆ ಬೆಳಕು ಬಿಟ್ಟು ನೋಡಿದೆವು. ಒಳಗಿದ್ದದ್ದು ಒಂಟಿ ತುದಿಯ ಸ್ಪ್ರಿಂಗುಗಳೇ, ಸಾಲಾಗಿ, ಒಂದೂ ತಪ್ಪದೆ. ಹಳೆಯ ಸಾಕೆಟ್ಟು ಯಾವುದಾದರೂ ಉಳಿದಿತ್ತೇ ಎಂದು ನೀವು ಕೇಳಬಹುದು. ಉಳಿದಿದ್ದರೂ ಅದರ ತಳದ ಲೋಹದ ಕಾಲುಗಳ ಜೋಡಣೆಯೇ ಬೇರೆ. ಹೊಸ ಸಾಕೆಟ್ಟನ್ನು ಕೂರಿಸಿದ್ದ ಈ ಸರ್ಕ್ಯೂಟ್ ಬೋರ್ಡಿನ ಮೇಲೆ ಅದು ಕೂರುವುದೇ ಇಲ್ಲ. ಪ್ಲಗ್ಗು ಅದಲುಬದಲಾಗಿತ್ತೇ? ಅದು ನನ್ನ ಕೈಯಿಂದ ನಸ್ರೀನಳ ಕೈಗೆ, ಅಲ್ಲಿಂದ ಸಾಕೆಟ್ಟಿಗೆ ಹೋಯಿತು, ಬೇರೆ ಯಾರೂ ಮುಟ್ಟಲಿಲ್ಲ.

ಶಶಿಧರನನ್ನು ಕರೆದು ತೋರಿಸಿದೆ. ಅವನ ಬಾಯಿಯಲ್ಲಿ ಇನ್ನೂ ಲಡ್ಡು ಇತ್ತು. ಒಂದು ಕ್ಷಣ ಅಗಿಯುವುದು ನಿಂತಿತು. ಆಮೇಲೆ, "ಯಾವ್ದೋ ಹಳೇ ಪ್ಲಗ್ಗಿರ್ಬೇಕು ಬುಡಿ ಮೇಡಂ. ಪಾಸಾಯ್ತಲ್ಲ," ಎಂದು ಹೊರಟುಹೋದ. ಆ ಪ್ಲಗ್ಗನ್ನು ನಾನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದೆ. ಕಂಪನಿಯ ವಸ್ತುವೊಂದನ್ನು ಹೇಳದೆ ತಂದದ್ದು ಅದೊಂದೇ.

ರೈಲಿನಲ್ಲಿ ಗುಬ್ಬಿಗೆ ಮರಳುವಾಗ ನನ್ನನ್ನು ಹಿಡಿದದ್ದು ಭಯವಲ್ಲ, ಸಿಟ್ಟು. ಗ್ಯಾಸ್ ಕಟರಿಗೆ ಸಿಕ್ಕು ತುಂಡಾದ ಮೇಲೂ ನನ್ನ ಸ್ಪ್ರಿಂಗು ಎದ್ದು ಬಂದು ಅವನಿಗೆ ಸೇವೆ ಮಾಡಿತ್ತು. ನನ್ನ ಮಾತು ಅಕ್ಷರಶಃ ನಿಜವಾಗಿತ್ತು: ನನ್ನ ಸ್ಪ್ರಿಂಗಿಲ್ಲದೆ ಸಾಕೆಟ್ಟು ಓಡಿರಲಿಲ್ಲ. ಅಂಥ ನಿಜ ನನಗೆ ಬೇಕಿರಲಿಲ್ಲ.

ಶಶಿಧರ ಮುಖ್ಯಸ್ಥನಾದ. ನಾನು ಒಂದು ಶಾಲು ಹೊದಿಸಿಕೊಂಡು ನಿವೃತ್ತಳಾದೆ. ಸನ್ಮಾನದ ಭಾಷಣದಲ್ಲಿ ಅವನು ನನ್ನ ಫೈಲುಗಳ ಅಚ್ಚುಕಟ್ಟನ್ನು ಹೊಗಳಿದ. ದೊಡ್ಡ ಆರ್ಡರು ಬಂತು, ಎರಡು ಪಾಳಿಯಲ್ಲಿ ಕೆಲಸ ನಡೆಯಿತು, ಮಾಲು ಹೋಯಿತು. ಮುಂದಿನದನ್ನು ನಸ್ರೀನ್ ಫೋನಿನಲ್ಲಿ ಹೇಳಿದಳು. ಮೇಲಿನ ವೇಗದಲ್ಲಿ ಕಣ್ಣು ಮುಚ್ಚುತ್ತಿದೆಯೆಂದು ಮಾಲೆಲ್ಲ ಹಿಂದಕ್ಕೆ ಬರುತ್ತಿತ್ತು. ಪ್ರದರ್ಶನದ ದಿನ ಬಳಸಿದ ಅದೇ ಬೋರ್ಡನ್ನು, ಅದೇ ಸಾಕೆಟ್ಟನ್ನು ಮತ್ತೆ ಯಂತ್ರಕ್ಕೆ ಹಾಕಿ ನೋಡಿದರಂತೆ. ಕಣ್ಣು ಪೂರ್ತಿ ಮುಚ್ಚಿತು, ನನ್ನ ಕಾಗದದಲ್ಲಿ ಬರೆದಿದ್ದ ವೇಗದಲ್ಲೇ. ಶಶಿಧರನನ್ನು ತೆಗೆದುಹಾಕಿದರು. ಸಾಕೆಟ್ಟುಗಳ ವಿಭಾಗವನ್ನೇ ಮುಚ್ಚಿದ್ದರಿಂದ ನಸ್ರೀನಳ ಕೆಲಸವೂ ಹೋಯಿತು. ಈಗ ತುಮಕೂರಿನಲ್ಲಿ ತನ್ನ ಅಣ್ಣನ ಮೊಬೈಲ್ ಅಂಗಡಿಯಲ್ಲಿದ್ದಾಳೆ. ನಗದೆ ಉಳಿದಿದ್ದವಳಿಗೆ ಹೀಗಾದದ್ದು ಮಾತ್ರ ನನಗೆ ಸರಿಬಂದಿಲ್ಲ. ಉಳಿದದ್ದಕ್ಕೆ ನಾನು ಮರುಗಿದೆನೆಂದು ಬರೆದರೆ ಸುಳ್ಳಾಗುತ್ತದೆ. ಅಂದು ರಾತ್ರಿ ಚೆನ್ನಾಗಿ ಊಟ ಮಾಡಿದೆ.

ಕಳೆದ ಬೇಸಿಗೆಯಲ್ಲಿ ಶಶಿಧರ ಗುಬ್ಬಿಗೆ ಬಂದ. ಕುಣಿಗಲಿನಲ್ಲಿ ಪಂಪು ಮೋಟಾರುಗಳ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ ಎಂದ. ಸ್ಕೂಟರಿನಲ್ಲಿ ಅಮೃತೂರಿನ ತೋಟದ ಎಳನೀರು ತಂದಿದ್ದ. ನಾನು ಒಳಗೆ ಕರೆಯಲಿಲ್ಲ. ಜಗಲಿಯ ಮೇಲೆ ಕೂತ. ಕೂದಲು ಬೆಳ್ಳಗಾಗಿತ್ತು. ಹೆಲ್ಮೆಟ್ಟನ್ನು ಮಡಿಲಲ್ಲಿ ತಿರುಗಿಸುತ್ತಿದ್ದ.

"ಒಂದೇ ಒಂದು ಕೇಳ್ತೀನಿ ಮೇಡಂ, ನಿಜ ಹೇಳಿ. ಅವತ್ತು ಏನ್ ಮಾಡಿದ್ರಿ?"

"ಯಾವತ್ತು?"

"ಗೊತ್ತಿಲ್ದಂಗೆ ಕೇಳ್ಬೇಡಿ. ಅವತ್ತೇ ಫೇಲಾಗಿದ್ರೆ ಬೈಸ್ಕೊಂಡು ಸುಮ್ನಾಗ್ತಿದ್ದೆ, ಕೆಲ್ಸ ಉಳೀತಿತ್ತು. ಪಾಸ್ ಮಾಡ್ಸಿ, ಮೇಲಕ್ಕೆ ಹತ್ತಿಸ್ಬುಟ್ಟು, ಆಮೇಲೆ ಏಣಿ ತೆಗುದ್ರಲ್ಲ." ಅವನ ಸ್ವರದಲ್ಲಿ ಜಗಳವಿರಲಿಲ್ಲ. "ನಿಮ್ ಸಾಕೆಟ್ಟು ನಮ್ ಬೋರ್ಡಿಗೆ ಕೂರಲ್ಲ. ನನಗೂ ಗೊತ್ತು. ಆದ್ರೂ ಹೆಂಗೋ ಕೂರ್ಸಿದ್ರಿ, ಗುರುತೇ ಸಿಗದಂಗೆ ಮತ್ತೆ ತೆಗುದ್ರಿ. ಅಷ್ಟು ವಿದ್ಯೆ ಆ ಕಂಪನೀಲಿ ನಿಮ್ಮನ್ ಬಿಟ್ರೆ ಯಾರಿಗಿತ್ತು?"

ನಾನೇನೂ ಮಾಡಲಿಲ್ಲವೆಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದೇ ನಿಜ. ಆದರೆ ಅಷ್ಟು ವರ್ಷಗಳಲ್ಲಿ ಆ ಮನುಷ್ಯನ ಬಾಯಿಂದ ನನ್ನ ವಿದ್ಯೆಯ ಮಾತು ಹೊರಬಿದ್ದದ್ದು ಅದೇ ಮೊದಲು. ನಾನು ಮಾಡಿದ ಕೆಲಸದಿಂದ ನನ್ನ ಹೆಸರು ತೆಗೆದವನು, ನಾನು ಮಾಡದ ಕೆಲಸಕ್ಕೆ ಅದನ್ನು ಪೂರ್ತಿಯಾಗಿ ತಂದು ಕೊಡುತ್ತಿದ್ದ. ಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ.

"ಬರ್ದಿಟ್ಕೋ ಅಂದಿದ್ದೆ," ಎಂದೆ. "ಬರ್ದಿಟ್ಕೊಂಡ್ಯಾ?"

ಅವನು ನನ್ನನ್ನೇ ನೋಡಿದ. "ಮರೆತಿಲ್ಲ ಮೇಡಂ," ಎಂದು ಎದ್ದು ಹೆಲ್ಮೆಟ್ ಹಾಕಿಕೊಂಡ. ಎಳನೀರನ್ನು ಬೀದಿಯಲ್ಲಿ ಹೂ ಮಾರುವವಳಿಗೆ ಕೊಟ್ಟೆ.

ಅವನು ಹೋದ ಮೇಲೆ ಬೀರುವಿನಿಂದ ಪ್ಲಗ್ಗನ್ನು ತೆಗೆದು, ಅದಕ್ಕೆಂದೇ ಕೊಂಡಿರುವ ಭೂತಗನ್ನಡಿಯಲ್ಲಿ ನೋಡಿದೆ. ಇದನ್ನು ಬರೆಯುವ ಮುನ್ನ ಇಂದು ಬೆಳಿಗ್ಗೆಯೂ ನೋಡಿದ್ದೇನೆ. ಜೋಡಿ ಗೆರೆಗಳು ಹಾಗೆಯೇ ಇವೆ, ಎಡದ್ದು ತುಸು ಮುಂದೆ. ಅಚ್ಚು ಕರಗಿ ಯಾವ ಸರಳೋ ಮೊಳೆಯೋ ಆಗಿಹೋಗಿರಬೇಕು. ನನ್ನ ಮಟ್ಟಿಗಿನ ಸೇಡು ಸಣ್ಣದಿತ್ತು. ಒಂದು ಮಧ್ಯಾಹ್ನ ಅವನು ತಲೆ ತಗ್ಗಿಸಿದ್ದರೆ ತೀರಿಹೋಗುತ್ತಿತ್ತು. ಇಷ್ಟು ತಾಳ್ಮೆಯಿಂದ, ಇಷ್ಟು ದೂರ ಯೋಚಿಸಿ, ಮೊದಲು ಅವನನ್ನು ಗೆಲ್ಲಿಸಿ ಆಮೇಲೆ ಬೀಳಿಸಿದ್ದು ನಾನಲ್ಲ. ಆ ಕೆಲಸಕ್ಕೂ ಒಂದು ಡ್ರಾಯಿಂಗಿದ್ದರೆ, ಅದರ ಕೆಳಮೂಲೆಯ ಚೌಕದಲ್ಲಿ ಯಾರ ಹೆಸರು ಬರೆಯಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ.