ರಾಜಾಸಾಬರ ಲೇಜಿಮ್ ಲೆಕ್ಕ

ಬೆಳಗಿನ ಆರೂವರೆ. ಶಹಾಪುರ ತಾಲ್ಲೂಕಿನ ಗೋಗಿ ದಾಟಿ ಕಾಲುವೆಯ ಏರಿ ಹಿಡಿದು ಸ್ವಲ್ಪ ದೂರ ಹೋದರೆ ಸಿಗುವ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರುಗಳ ಸುಳಿವಿಲ್ಲ. ಅಂಗಳದಲ್ಲಿ ಮಾತ್ರ ಆಗಲೇ ಝಣಝಣ ಸದ್ದು. ಕೊರಳಿಗೆ ಹಲಗೆ ವಾದ್ಯ ನೇತುಹಾಕಿಕೊಂಡ ರಾಜಾಸಾಬ ಒಂದೊಂದೇ ಲೇಜಿಮ್ ಎತ್ತಿ, ಸರಪಳಿಯ ಬಿಲ್ಲೆ ಸಡಿಲಾಗಿದೆಯೇ ಎಂದು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದಾರೆ. ಕಣ್ಣುಜ್ಜಿಕೊಂಡು ಬರುವ ಮಕ್ಕಳಿಗೆ ಅವರ ಮೊದಲ ಮಾತೇ ಲೆಕ್ಕದ್ದು.

"ಇವತ್ತ ಎಷ್ಟ ಮಂದಿ ಅದೀರಿ? ಎಣಸ್ರಿ. ಮೂರಕ್ಕ ಭಾಗ ಹೋಗ್ತದೇನು? ನಾಲ್ಕಕ್ಕ?"

ಲೇಜಿಮ್ ಕಲಿಸುವವರಿಗೆ ಈ ಉಸಾಬರಿ ಯಾಕೆ ಎಂದು ನನಗೂ ಅನ್ನಿಸಿತ್ತು. ಕಾರಣ ಇರುವುದು ಪಕ್ಕದ ಕಾಲುವೆಯಲ್ಲಿ. ನೀರು ಬಿಟ್ಟರೆ ಸಾಕು, ಭತ್ತದ ನಾಟಿಗೆ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟುತ್ತಾರೆ. ಬೆನ್ನಿಗೆ ಮಕ್ಕಳೂ ಹೊರಡುತ್ತವೆ. ನಾಟಿ ಮುಗಿಸಿ ಕೆಲವರು ಮರಳುತ್ತಾರೆ, ಬೇರೆ ಊರಿನವರು ಬಂದು ಸೇರುತ್ತಾರೆ. ಹೀಗಾಗಿ ನಿನ್ನೆಯ ಎಣಿಕೆ ಇವತ್ತಿಗೆ ಇರುವುದಿಲ್ಲ. ಲೇಜಿಮ್ ಆಟಕ್ಕೋ ಸರಿಸಮ ಸಾಲು ಬೇಕೇ ಬೇಕು. ಸಾಲಿಗೆ ಸಿಗದೆ ಮಿಕ್ಕ ಕೂಸನ್ನು ಕಟ್ಟೆಯ ಮೇಲೆ ಕೂರಿಸಿ "ಚಪ್ಪಲಿ ಕಾಯಿ" ಅನ್ನುವುದು ಎಲ್ಲರೂ ಕಂಡುಕೊಂಡ ಸುಲಭದ ದಾರಿ.

ರಾಜಾಸಾಬರಿಗೆ ಅದು ಆಗಿಬರುವುದಿಲ್ಲ. "ಕುಣೀಲಿಕ್ಕ ಅಂತ ನಸುಕಿನ್ಯಾಗ ಎದ್ದು ಬಂದಿರ್ತಾವ್ರಿ. ಅವಕ್ಕ ಚಪ್ಪಲಿ ಕಾಯೋ ಅನ್ನೂದು ನನ್ನ ಬಾಯಾಗ ಬರಂಗಿಲ್ಲ" ಎನ್ನುತ್ತಾರೆ.

ಅವರ ಕಸುಬು ಗೋಗಿಯಲ್ಲಿ ಗಾದಿ ಹೊಲಿಯುವುದು. ಹಲಗೆ ಬಂದದ್ದು ಮೊಹರಂ ಕುಣಿತಕ್ಕೆ ಬಾರಿಸುತ್ತಿದ್ದ ಅಪ್ಪನಿಂದ. ಓದು ನಾಲ್ಕನೇ ಇಯತ್ತೆಗೆ ನಿಂತಿತು. ವಯಸ್ಸು ಅರವತ್ತರ ಹತ್ತಿರ, ಮೊಣಕಾಲು ಆಗಾಗ ಕೈಕೊಡುತ್ತದೆ. ಆದರೂ ಸೈಕಲ್ ತುಳಿದು ನಾಲ್ಕು ಶಾಲೆ ಸುತ್ತುತ್ತಾರೆ. ಮೊದಲೆಲ್ಲ ಸಾಲು ಕಟ್ಟುವುದರಲ್ಲೇ ಅರ್ಧ ಬೆಳಗು ಮುಗಿಯುತ್ತಿತ್ತಂತೆ. ಮೂರರ ಸಾಲು ಕಟ್ಟುವುದು, ಒಬ್ಬ ಉಳಿದರೆ ಮುರಿಯುವುದು, ನಾಲ್ಕರದು ಕಟ್ಟುವುದು, ಮತ್ತೆ ಮುರಿಯುವುದು.

ಹೋದ ವರ್ಷ ಒಂದು ದಿನ ನಲವತ್ತಮೂರು ಮಕ್ಕಳು ಬಂದಿದ್ದವು. ಆರನೇ ತರಗತಿಯ ಖಂಡಪ್ಪ ಎದೆಯುಬ್ಬಿಸಿ, "ಕೊನೀಗಿ ಮೂರು ಅದರಿ ಮಾಸ್ತರ, ಮೂರಕ್ಕ ಹೋಗೇ ಹೋಗ್ತದ" ಅಂದ. ಎರಡಕ್ಕೆ, ಐದಕ್ಕೆ, ಹತ್ತಕ್ಕೆ ಕೊನೆಯ ಅಂಕಿ ನೋಡಿದರೆ ಸಾಕಲ್ಲ, ಮೂರಕ್ಕೂ ಅಷ್ಟೇ ಎಂದುಕೊಂಡಿದ್ದ. ಮೂರರ ಸಾಲು ಕಟ್ಟಿದರೆ ಕೊನೆಗೆ ಒಂಟಿಯಾಗಿ ನಿಂತವನು ಖಂಡಪ್ಪನೇ! ಅಂಗಳವೆಲ್ಲ ನಗು.

ಅದನ್ನು ನೋಡುತ್ತಿದ್ದ ಗಣಿತದ ಶಿಕ್ಷಕಿ ಮಲ್ಲಿಕಮ್ಮ ಎಲ್ಲರನ್ನೂ ಹತ್ತರ ಸಾಲಿನಲ್ಲಿ ನಿಲ್ಲಿಸಿದರು. ನಾಲ್ಕು ಸಾಲಾದವು, ಮೂವರು ಬಿಡಿಯಾಗಿ ಉಳಿದರು. "ಸಾಲಿಗೊಬ್ಬರು ಹೊರಗ ಬರ್ರಿ" ಅಂದರು. ಈಗ ಪ್ರತಿ ಸಾಲಿನಲ್ಲೂ ಒಂಬತ್ತು. ಅವು ತಾವಾಗಿಯೇ ಮೂರು ಮೂರಾಗಿ ಒಡೆದವು. ಹೊರಬಂದ ನಾಲ್ವರು, ಬಿಡಿಯಾಗಿದ್ದ ಮೂವರು, ಕೂಡಿಸಿದರೆ ಏಳು. ಏಳು ಮೂರಕ್ಕೆ ಹೋಗದು, ಆದ್ದರಿಂದ ನಲವತ್ತಮೂರೂ ಹೋಗದು. ಅಂಕಿಗಳನ್ನು ಕೂಡಿಸಿ ನೋಡು ಎಂದು ಪುಸ್ತಕ ಹೇಳುವುದು ಇದನ್ನೇ.

"ಬೋರ್ಡಿನ ಮ್ಯಾಲ ಹತ್ತು ಸರ್ತಿ ಬರದಿದ್ದೆ. ಬಾಯಿಪಾಠ ಮಾಡಿದ್ರು, ಮರತ್ರು. ತಾವೇ ಅಂಕಿಯಾಗಿ ನಿಂತ ಮ್ಯಾಲ ಮರೀವಲ್ರು" ಎಂದು ಮಲ್ಲಿಕಮ್ಮ ನಗುತ್ತಾರೆ. ಆ ದಿನ ರಾಜಾಸಾಬ ತಾವೇ ಒಳಗೆ ಹೊಕ್ಕು ನಲವತ್ತನಾಲ್ಕು ಮಾಡಿ, ನಾಲ್ಕರ ಸಾಲು ಕಟ್ಟಿ ಕುಣಿಸಿದರು. ಅಂದಿನಿಂದ ಮಕ್ಕಳ ಜೊತೆ ಅವರೂ ಒಂದೊಂದೇ ನಿಯಮ ಕಲಿತಿದ್ದಾರೆ. ಏಳರ ನಿಯಮ ಕೇಳಿದರೆ ಮಾತ್ರ ಕೈಮುಗಿಯುತ್ತಾರೆ. "ಅದು ನನ್ನ ತಲ್ಯಾಗ ಹೋಗಂಗಿಲ್ರಿ. ಏಳರ ಸಾಲು ನಾ ಕಟ್ಟಂಗೇ ಇಲ್ಲ!"

ನಾಳೆ ಶಹಾಪುರದಲ್ಲಿ ತಾಲ್ಲೂಕು ಮಟ್ಟದ ಪ್ರದರ್ಶನ. ಮೂವತ್ತಾರು ಮಕ್ಕಳು ತಯಾರಾಗಿದ್ದಾರೆ. ಮೊದಲು ನಾಲ್ಕರ ಸಾಲು, ಆಮೇಲೆ ಮೂರರ ಗುಂಪು, ಕಡೆಗೆ ಒಂಬತ್ತರ ಚಕ್ರ. ಎಲ್ಲವೂ ಬರಾಬರ್. ಅಷ್ಟರಲ್ಲಿ ಗೇಟಿನಲ್ಲಿ ಕರೆಮ್ಮ ಕಾಣಿಸುತ್ತಾಳೆ. ಕಕ್ಕೇರಾ ಕಡೆ ನಾಟಿಗೆ ಹೋಗಿದ್ದ ಅಪ್ಪ-ಅವ್ವನ ಜೊತೆ ನಿನ್ನೆ ರಾತ್ರಿಯಷ್ಟೇ ಊರಿಗೆ ಬಂದವಳು. ಹೋಗುವ ಮೊದಲು ಹೆಜ್ಜೆಯೆಲ್ಲ ಕಲಿತಿದ್ದವಳು, ಬಂದವಳೇ ಒಂದು ಲೇಜಿಮ್ ಕೈಗೆತ್ತಿಕೊಳ್ಳುತ್ತಾಳೆ.

"ಮೂವತ್ತೇಳು" ಎಂದು ಯಾರೋ ಪಿಸುಗುಟ್ಟುತ್ತಾರೆ. ಮಕ್ಕಳು ಲೆಕ್ಕಕ್ಕೆ ಬೀಳುತ್ತಾರೆ. ಕೊನೆಯಂಕಿ ಏಳು, ಎರಡಕ್ಕೆ ಹೋಗದು. ಹಾಗಾಗಿ ನಾಲ್ಕಕ್ಕೂ ಇಲ್ಲ. ಮೂರು ಏಳು ಕೂಡಿಸಿದರೆ ಹತ್ತು. ಮೂರಕ್ಕಿಲ್ಲ, ಒಂಬತ್ತಕ್ಕೂ ಇಲ್ಲ. "ಮಾಸ್ತರ, ನೀವೂ ಬರ್ರಿ" ಅಂದರೆ ಮೂವತ್ತೆಂಟು. ಅದೂ ಕೆಲಸಕ್ಕೆ ಬಾರದು. ಮೇಲಾಗಿ ಪ್ರದರ್ಶನದಲ್ಲಿ ಕುಣಿಯುವ ಸಾಲಿಗೆ ದೊಡ್ಡವರಿಗೆ ಪ್ರವೇಶವಿಲ್ಲ.

ಆಗತಾನೇ ಬಂದಿಳಿದ ಹೆಡ್ ಮಾಸ್ತರ್ ಈಶಪ್ಪನವರಿಗೆ ಇದೊಂದು ಸಮಸ್ಯೆಯೇ ಅಲ್ಲ. "ಒಬ್ಬಾಕಿನ್ನ ತಗದ್ರ ಮೂವತ್ತಾರಾತಲ್ಲ. ತಗೀರಿ."

ಕರೆಮ್ಮ ಯಾರ ಮಾತಿಗೂ ಕಾಯದೆ ಲೇಜಿಮ್ ಕೆಳಗಿಟ್ಟು ಕಟ್ಟೆಯತ್ತ ಹೆಜ್ಜೆ ಹಾಕುತ್ತಾಳೆ.

"ತಗೀತೀನ್ರಿ ಸರ" ಎನ್ನುತ್ತಾರೆ ರಾಜಾಸಾಬ. "ತಗದು ನಟ್ಟನಡುವ ನಿಂದ್ರಸ್ತೀನಿ." ಕೊರಳಿನ ಹಲಗೆ ಬಿಚ್ಚಿ ಆಕೆಯ ಕೊರಳಿಗೆ ಹಾಕುತ್ತಾರೆ.

"ಆಕೀಗಿ ಬಾರಸಾಕ ಬರ್ತದೇನ್ರೀ?" ಈಶಪ್ಪನವರ ಅನುಮಾನ.

"ಬರ್ತದ್ರಿ ಸರ!" ಕೂಗಿದವನು ಖಂಡಪ್ಪ. "ಊಟದ ತಾಟು ಬಡದು ಬಡದು ನಮ್ಮ ಕಿವಿ ತಿಂದಾಳ!"

ಮೊದಲ ಸಲ ಕರೆಮ್ಮ ಖುಷಿಯಲ್ಲಿ ತಾಳ ಓಡಿಸಿ ಬಾರಿಸಿ, ಚಕ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಾಲ್ಕಾರು ಜನ ಮಣ್ಣಿಗೆ ಬೀಳುತ್ತಾರೆ. ಎರಡನೇ ಸಲಕ್ಕೆ ತಾಳ ಕೂಡುತ್ತದೆ. ಸುತ್ತ ನಾಲ್ಕು ಚಕ್ರ, ನಡುವೆ ತುಟಿ ಕಚ್ಚಿಕೊಂಡು ಹಲಗೆ ಬಾರಿಸುವ ಕರೆಮ್ಮ. ಈಶಪ್ಪನವರ ಕಾಲೂ ತಾಳ ಹಾಕುತ್ತಿದೆ, ಅವರಿಗೆ ಗೊತ್ತಾಗಿಲ್ಲ. ಹಲಗೆಯಿಲ್ಲದ ರಾಜಾಸಾಬ ಕೈ ಎಲ್ಲಿಡುವುದೆಂದು ತಿಳಿಯದೆ ಸುಮ್ಮನೆ ನಿಂತಿದ್ದಾರೆ. ಕಣ್ಣು ಒದ್ದೆಯಾಗಿದೆ, ಮುಖದ ತುಂಬ ನಗು.

"ನಾಳೆ ಬೆಳಿಗ್ಗೆ ಇನ್ನೂ ಒಬ್ಬರು ಬಂದರೆ?" ಹೊರಡುವಾಗ ನಾನು ಕೆಣಕುತ್ತೇನೆ.

"ಮನ್ಯಾಗ ಹಲಗಿ ಜೋಡಿ ಬಾರಸೂ ಕಂಚಿನ ಝಾಂಜ ಅದಾವ್ರಿ, ತರ್ತೀನಿ. ಬರೋವ್ರು ಬರ್ಲಿ."